ಆಕ್ಸಿರಿಂಕಸ್ಸಿನ ಗ್ರೀಕ್ ಪ್ರಹಸನವೂ ಕನ್ನಡ ನುಡಿಯೂ : ಒಂದು ವಿಮರ್ಶೆ

೧

ಕನ್ನಡ ನುಡಿಯ ಪ್ರಾಚೀನತೆಯನ್ನು ಕುರಿತು ಬರೆಯುವವರು ಮೂರು ಬಗೆಯ ಸಾಕ್ಷ್ಯಗಳನ್ನು ಮುಂದಿಡುವುದು ವಾಡಿಕೆ. ಮೊದಲನೆಯದು ಶಾಸನಗಳು, ಎರಡನೆಯದು ಪ್ರಾಕೃತ ಗ್ರಂಥಗಳಲ್ಲಿ ಅಲ್ಲಲ್ಲಿ ಕಾಣುವ ದೇಶ್ಯಶಬ್ದಗಳು, ಮೂರನೆಯದು ಯವನರ ಬರಹಗಳು. ಈ ಮೂರನೆಯ ವರ್ಗದಲ್ಲಿ, ಈಜಿಪ್ಟಿನ ಮರಳಿನೊಳಗಿಂದ ಹೊರಬಂದ ಒಂದು ಗ್ರೀಕ್ ಪ್ರಹಸನಕ್ಕೆ ಸಂದಿರುವಷ್ಟು ಪ್ರಸಿದ್ಧಿ ಮತ್ತಾವುದಕ್ಕೂ ಸಂದಿಲ್ಲ. ಕ್ರಿ. ಶ. ೨ನೆಯ ಶತಮಾನದ ಆ ಪ್ರತಿಯಲ್ಲಿ ಕನ್ನಡ ವಾಕ್ಯಗಳಿವೆಯೆಂಬ ಮಾತು ಪಾಠಪುಸ್ತಕದಿಂದ ಭಾಷಣಕ್ಕೂ, ಭಾಷಣದಿಂದ ಮರಳಿ ಪಾಠಪುಸ್ತಕಕ್ಕೂ ಹರಿದಾಡುತ್ತ ಬಂದು, ಈಗ ಅನೇಕರ ಮನಸ್ಸಿನಲ್ಲಿ ಸಿದ್ಧಾಂತವೇ ಆಗಿ ನಿಂತಿದೆ.

ಈ ಮಾತು ನಿಜವಾದರೆ ಅದರ ಬೆಲೆ ಅಪಾರ. ಹಲ್ಮಿಡಿಯ ಶಾಸನ ಕ್ರಿ. ಶ. ೪೫೦ರ ಸುಮಾರಿನದು, ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನದ ಶಾಸನವನ್ನು ೩೭೦ರ ಸುಮಾರಿಗೆ ಒಯ್ಯುವವರುಂಟು. ಇವೆರಡಕ್ಕಿಂತಲೂ ಇನ್ನೂರು ಮುನ್ನೂರು ವರ್ಷ ಹಿಂದಿನ, ಅದೂ ಆಡುಮಾತಿನ, ಪೂರ್ಣ ವಾಕ್ಯಗಳು ದೊರೆತಂತಾಗುತ್ತದೆ. ಲಾಭ ಇಷ್ಟು ದೊಡ್ಡದಾಗಿರುವಾಗ ಆಧಾರವನ್ನು ತಟ್ಟಿ ನೋಡುವ ಹೊಣೆಯೂ ಅಷ್ಟೇ ದೊಡ್ಡದು. ಆ ಪರೀಕ್ಷೆಗಾಗಿ ಈ ಲೇಖನ.

೨

ಆಕ್ಸಿರಿಂಕಸ್ ಎಂಬುದು ನೈಲ್ ನದಿಯ ಪಡುವಣಕ್ಕಿದ್ದ ಒಂದು ಪಟ್ಟಣ; ಇಂದಿನ ಹೆಸರು ಅಲ್ ಬಹ್ನಸಾ. ಅಲ್ಲಿನ ತಿಪ್ಪೆಗಳನ್ನು ಅಗೆದು ಸಾವಿರಾರು ಪಪೈರಸ್ ಹಾಳೆಗಳನ್ನು ಹೊರತೆಗೆದವರು ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು. ಪ್ರಕೃತ ಪ್ರಹಸನ ಅವರ ಗ್ರಂಥಮಾಲೆಯ ಮೂರನೆಯ ಸಂಪುಟದಲ್ಲಿ ೪೧೩ನೆಯ ಸಂಖ್ಯೆಯಾಗಿ ೧೯೦೩ರಲ್ಲಿ ಅಚ್ಚಾಯಿತು.

ಕಥೆ ಸರಳವಾದುದು. ಖಾರಿತಿಯೊನ್ ಎಂಬ ಗ್ರೀಕ್ ತರುಣಿ ಹಿಂದೂ ಸಾಗರದ ತೀರದಲ್ಲಿ ಪರದೇಶದ ಅರಸನೊಬ್ಬನ ವಶದಲ್ಲಿ ಸಿಕ್ಕಿ, ಚಂದ್ರದೇವತೆಯ ಗುಡಿಯಲ್ಲಿದ್ದಾಳೆ. ಅವಳನ್ನು ಬಿಡಿಸಿಕೊಂಡು ಹೋಗಲು ಅಣ್ಣನೂ ಹಡಗಿನ ನಾಯಕನೂ ಬರುತ್ತಾರೆ; ಜೊತೆಗೊಬ್ಬ ವಿದೂಷಕ. ಗುಡಿಯ ಒಡವೆಯನ್ನೂ ಎತ್ತಿಕೊಂಡು ಹೋಗೋಣವೆಂದು ವಿದೂಷಕ ಹೇಳಿದರೆ, ದೇವರ ಮುನಿಸಿಗೆ ಗುರಿಯಾಗಲು ಅವಳು ಒಪ್ಪುವುದಿಲ್ಲ. ಕಡೆಗೆ ನೀರು ಬೆರೆಸದ ದ್ರಾಕ್ಷಾರಸವನ್ನು ಅರಸನಿಗೂ ಪರಿವಾರಕ್ಕೂ ಕುಡಿಸಿ, ಅಮಲಿನಲ್ಲಿ ಕುಣಿಯುವ ಅರಸನನ್ನು ಗುಡಿಯ ಪವಿತ್ರ ಪಟ್ಟಿಗಳಿಂದಲೇ ಕಟ್ಟಿಹಾಕಿ, ಎಲ್ಲರೂ ಹಡಗನ್ನೇರಿ ಪಾರಾಗುತ್ತಾರೆ. ಯೂರಿಪಿಡೀಸ್ ಕವಿಯ ‘ತೌರಿಯರ ನಾಡಿನ ಇಫಿಗೇನಿಯಾ’ ಎಂಬ ಗಂಭೀರ ನಾಟಕವನ್ನು ಅಣಕಿಸಿ ಕಟ್ಟಿದ ಅಗ್ಗದ ಆಟವಿದು. ಪ್ರತಿಯಲ್ಲಿ ಮದ್ದಳೆ ಮೊದಲಾದ ವಾದ್ಯಗಳನ್ನು ಎಲ್ಲೆಲ್ಲಿ ಬಾರಿಸಬೇಕೆಂಬ ಗುರುತುಗಳೂ ಇವೆ. ಹಾಳೆಯ ಹಿಂಬದಿಯಲ್ಲಿ ಆಟದ ಒಂದು ಭಾಗವನ್ನು ಬದಲಾಯಿಸಿ ಬರೆದ ಪಾಠವೂ ಇದೆ. ಎಂದರೆ, ಇದು ಓದುಗರಿಗಾಗಿ ಬರೆದ ಕಾವ್ಯವಲ್ಲ. ಆಟದವರು ಕೈಯಲ್ಲಿಟ್ಟುಕೊಂಡು ಬೇಕಾದಂತೆ ತಿದ್ದಿಕೊಳ್ಳುತ್ತಿದ್ದ ಪ್ರತಿ.

ಈ ಆಟದಲ್ಲಿ ಅರಸನೂ ಅವನ ಕಡೆಯವರೂ ಹಲವೆಡೆ ಗ್ರೀಕಲ್ಲದ ಮಾತನ್ನು ಆಡುತ್ತಾರೆ. ವಿವಾದವೆಲ್ಲ ಆ ಮಾತುಗಳನ್ನು ಕುರಿತದ್ದು.

೩

ಮೊದಲು ಕನ್ನಡದ ಪಕ್ಷವನ್ನು ಎತ್ತಿ ಹಿಡಿದವರು ಸಾಮಾನ್ಯರಲ್ಲ. ದಕ್ಷಿಣ ಭಾರತದ ಶಾಸನಗಳನ್ನು ಸಂಪುಟಗಳಾಗಿ ಹೊರತಂದು, ಮುಂದೆ ೧೯೨೫ರಲ್ಲಿ ಅಶೋಕನ ಶಾಸನಗಳನ್ನೂ ಸಂಪಾದಿಸಿಕೊಟ್ಟ ಹುಲ್ಟ್ಸ್ ಪಂಡಿತರು ೧೯೦೪ರಲ್ಲಿ ‘ಹೆರ್ಮೆಸ್’ ಎಂಬ ಜರ್ಮನ್ ಪತ್ರಿಕೆಯಲ್ಲಿ ಒಂದು ಕಿರುಲೇಖನ ಬರೆದು, ಪ್ರಹಸನದ ಎರಡು ಮಾತುಗಳನ್ನು ಕನ್ನಡವಾಗಿ ಬಿಡಿಸಿದರು. ‘ಬೇರೆಯಾಗಿ ಸ್ವಲ್ಪ ಮದ್ಯವನ್ನು ಪಾತ್ರೆಗೆ ಹಾಕಿ’ ಎಂಬುದು ಒಂದರ ತಾತ್ಪರ್ಯ. ‘ಬಟ್ಟಲನ್ನು ಬೇರೆಯಾಗಿ ಎತ್ತಿ, ಮುಚ್ಚಿ, ಮದ್ಯವನ್ನು ಬೇರೆಯಾಗಿ ತೆಗೆದುಕೊಳ್ಳುವೆನು’ ಎಂಬುದು ಇನ್ನೊಂದರದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳು ಮೈಸೂರು ಪುರಾತತ್ತ್ವ ಇಲಾಖೆಯ ೧೯೨೬ರ ವರದಿಯಲ್ಲಿ ಇದೇ ದಾರಿಯನ್ನು ಹಿಡಿದು ಮುಂದುವರಿದರು. ಬಿ. ಎ. ಸಾಲೆತ್ತೂರರು ೧೯೩೬ರಲ್ಲಿ ತುಳುನಾಡಿನ ಇತಿಹಾಸವನ್ನು ಬರೆಯುವಾಗ ಕಥೆಯ ಸ್ಥಳವನ್ನು ಪಶ್ಚಿಮ ಕರಾವಳಿಯಲ್ಲಿ ಗುರುತಿಸುವ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮಂಜೇಶ್ವರದ ಗೋವಿಂದ ಪೈಗಳ ಗಮನವೂ ಇದರತ್ತ ಹರಿಯಿತು. ತರುವಾಯ, ಆ ಮಾತುಗಳು ಕನ್ನಡವಲ್ಲ, ತುಳು ಎಂಬ ವಾದವೂ ಹುಟ್ಟಿತು.

ಎದುರು ಪಕ್ಷದ ಮಾತು ೧೯೨೬ರಲ್ಲೇ ಬಂದಿತ್ತು. ಈಜಿಪ್ಟಿನ ಪುರಾತತ್ತ್ವಕ್ಕೆ ಮೀಸಲಾದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಎಲ್. ಡಿ. ಬಾರ್ನೆಟ್ಟರು ಈ ಪ್ರಶ್ನೆಯನ್ನೇ ವಿಷಯವಾಗಿಟ್ಟುಕೊಂಡು ಬರೆದು, ಹುಲ್ಟ್ಸರ ಬಿಡಿಸಿಕೆಯನ್ನು ಒಪ್ಪಲಿಲ್ಲ. ‘ಕನ್ನಡವೆನ್ನಲಾದ’ ಎಂಬ ವಿಶೇಷಣವನ್ನು ಅವರು ಲೇಖನದ ಹೆಸರಿನಲ್ಲೇ ಇರಿಸಿದ್ದರು. ಬಾರ್ನೆಟ್ಟರು ಕನ್ನಡವನ್ನರಿಯದ ಪರಕೀಯರೆಂದು ತಳ್ಳಿಬಿಡುವಂತಿಲ್ಲ. ಧಾರವಾಡ ಸೀಮೆಯ ಎಷ್ಟೋ ಹಳಗನ್ನಡ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿಕೊಟ್ಟವರು ಅವರೇ. ಕನ್ನಡಿಗರ ನಡುವೆ ಹುಲ್ಟ್ಸರ ಹೆಸರು ಹಬ್ಬಿದಷ್ಟು ಬಾರ್ನೆಟ್ಟರ ಹೆಸರು ಹಬ್ಬದಿರುವುದಕ್ಕೆ ಕಾರಣ ಅವರ ವಾದದ ದೌರ್ಬಲ್ಯವಲ್ಲ. ಇಷ್ಟವಾದ ಮಾತನ್ನು ಬೇಗ ನಂಬುವುದು ಮನುಷ್ಯಸ್ವಭಾವ.

೪

ಹುಲ್ಟ್ಸರ ಬಿಡಿಸಿಕೆಯನ್ನು ಭಾಷಾಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೆ ಕಾಣುವ ದೋಷಗಳು ನಾಲ್ಕು.

ಮೊದಲನೆಯದು ಕಾಲದೋಷ. ‘ಹಾಕಿ’ ಎಂಬುದು ಹಕಾರಾದಿಯಾದ ರೂಪ. ಕನ್ನಡದಲ್ಲಿ ಪದಾದಿಯ ಪಕಾರ ಹಕಾರವಾಗಿ ತಿರುಗಿದ್ದು ಹತ್ತನೆಯ ಶತಮಾನದ ಸುಮಾರಿಗೆ ಮೊದಲ್ಗೊಂಡು ನಡೆದ ವ್ಯಾಪಾರ. ಹಲ್ಮಿಡಿಯ ಹೆಸರು ಅದೇ ಊರಿನ ಶಾಸನದಲ್ಲಿ ‘ಪಲ್ಮಿಡಿ’ ಎಂದಿದೆ. ಕದಂಬರ ತಾಮ್ರಪಟಗಳ ‘ಪಲಾಶಿಕಾ’ ಇಂದಿನ ಹಲಸಿ. ‘ಪಾನುಂಗಲ್’ ಇಂದಿನ ಹಾನಗಲ್. ಐದನೆಯ ಶತಮಾನದಲ್ಲೇ ಇಲ್ಲದ ಹಕಾರವನ್ನು ಎರಡನೆಯ ಶತಮಾನದವನ ಬಾಯಲ್ಲಿ ಇಡುವುದು ಹೇಗೆ? ಅಂತೆಯೇ ‘ಎತ್ತುವೆನು’ ಎಂಬ ಉತ್ತಮಪುರುಷ ರೂಪ ಉಕಾರ ಸೇರಿದ ಮೇಲಿನದು. ಹಳಗನ್ನಡದಲ್ಲಿ ಅದು ‘ಎತ್ತುವೆಂ’ ಎಂದಾಗಬೇಕು. ಅದರ ಪಕ್ಕದಲ್ಲೇ ನಿಂತಿರುವ ‘ಮಧುವಂ’ ಎಂಬ ದ್ವಿತೀಯಾರೂಪವಾದರೋ ಹಳಗನ್ನಡದ್ದು. ಹಲ್ಮಿಡಿಯ ಕಾಲದ ದ್ವಿತೀಯೆಗೆ ‘ಅದಾನ್’ ಎಂಬ ದೀರ್ಘಸ್ವರದ ರೂಪ ಸಾಕ್ಷಿ. ಹೀಗೆ ಒಂದೇ ವಾಕ್ಯದಲ್ಲಿ ಹಳಗನ್ನಡದ ವಿಭಕ್ತಿಯೂ ನಡುಗನ್ನಡದ ಆಖ್ಯಾತವೂ ಕೈಹಿಡಿದು ನಿಂತಿವೆ. ಇಂಥ ವಾಕ್ಯ ನಿಘಂಟಿನ ಪುಟಗಳಲ್ಲಿ ಹುಟ್ಟಬಲ್ಲುದೇ ಹೊರತು ಯಾವೊಂದು ಕಾಲದ ಆಡುವವರ ನಾಲಗೆಯ ಮೇಲೂ ಅಲ್ಲ.

ಆದರೆ ಇಲ್ಲಿ ಹುಲ್ಟ್ಸರಿಗೆ ನ್ಯಾಯ ಸಲ್ಲಿಸಬೇಕು. ೧೯೦೪ರಲ್ಲಾಗಲಿ ೧೯೨೬ರಲ್ಲಾಗಲಿ ಹಲ್ಮಿಡಿಯ ಶಾಸನ ವಿದ್ವಾಂಸರ ಕೈಸೇರಿರಲಿಲ್ಲ, ಎಂ. ಎಚ್. ಕೃಷ್ಣರು ಅದನ್ನು ಬೆಳಕಿಗೆ ತಂದದ್ದು ೧೯೩೬ರಲ್ಲಿ. ಅದಕ್ಕೆ ಮೊದಲು, ಕಾಲ ನಿಶ್ಚಯವಾದ ಅತಿ ಹಳೆಯ ಕನ್ನಡಕ್ಕೆ ಆರನೆಯ ಶತಮಾನದ ಕೊನೆಯ ಬಾದಾಮಿಯ ಮಂಗಲೇಶನ ಬರಹದ ಕಡೆಗೆ ನೋಡಬೇಕಾಗಿತ್ತು. ಎರಡನೆಯ ಶತಮಾನದ ಕನ್ನಡ ಹೇಗಿದ್ದಿರಬಹುದೆಂದು ಊಹಿಸುವುದಕ್ಕೆ ಅವರಿಗೆ ಅಳತೆಗೋಲೇ ಇರಲಿಲ್ಲ. ಅಳತೆಗೋಲು ಸಿಕ್ಕ ಮೇಲೂ ಹಳೆಯ ಅಳತೆಯನ್ನೇ ಪುನರುಚ್ಚರಿಸುತ್ತ ಬಂದವರಿಗೆ ಆ ಸಮಾಧಾನ ಸಲ್ಲುವುದಿಲ್ಲ.

ಎರಡನೆಯದು ಲಿಪ್ಯಂತರದ ದೋಷ. ಗ್ರೀಕರು ಭಾರತದ ಹೆಸರುಗಳನ್ನು ಬರೆದಾಗ ಒಂದು ಕ್ರಮ ಕಾಣುತ್ತದೆ. ಪದಾದಿಯ ಚಕಾರ ‘ಚಂದ್ರಗುಪ್ತ’ನಲ್ಲಿ ಸಕಾರವಾಗಿದೆ, ‘ಚಷ್ಟನ’ನಲ್ಲಿ ‘ತಿಯ’ ಎಂದಾಗಿದೆ. ಅವರ ಝೀಟಾ ಎಂಬ ಅಕ್ಷರ ‘ಉಜ್ಜಯಿನಿ’ಯ ಜಕಾರಕ್ಕೆ ಬಂದಿದೆ. ಪಪೈರಸ್ಸಿನಲ್ಲಿರುವ ಶಬ್ದಕ್ಕೆ ಝೀಟಾ ಇದೆ. ಎಂದಮೇಲೆ ಅದು ‘ಕೊಂಚ’ ಎಂಬುದಕ್ಕಿಂತ ‘ಕೊಂಜಿ’ ಎಂಬ ಉಚ್ಚಾರಕ್ಕೆ ಹತ್ತಿರ. ಅನುನಾಸಿಕದ ಮುಂದೆ ಚಕಾರ ಮೃದುವಾಗಿ ಕೇಳಿಸಿತೆಂದು ಸಮಾಧಾನ ಹೇಳಬಹುದು, ಅದು ಅಸಾಧ್ಯವಲ್ಲ. ‘ಬೇರೆ’ಯ ವಿಷಯದಲ್ಲಿಯೂ ಹೀಗೆಯೇ: ಆ ಕಾಲದ ಗ್ರೀಕ್ ಬೀಟಾ ಬಕಾರಕ್ಕೂ ವಕಾರಕ್ಕೂ ನಡುವಿನ ಧ್ವನಿಯಾಗುತ್ತಿದ್ದುದರಿಂದ, ಅದು ಕನ್ನಡದ ಬಕಾರವನ್ನೇ ತೋರಿಸುತ್ತದೆಂದು ಹೇಳಲಾಗದು, ತಮಿಳಿನ ವಕಾರಕ್ಕೂ ಅದು ಅಷ್ಟೇ ಒಗ್ಗುತ್ತದೆ. ಆದರೆ ‘ಮಧು’ ಎಂಬುದಕ್ಕೆ ಸಮಾಧಾನವಿಲ್ಲ. ಮೊದಲನೆಯ ವಾಕ್ಯದಲ್ಲಿ ‘ದಮುನ್’ ಎಂದಿರುವ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಮಧು’ ಎಂದು ಓದಲಾಗಿದೆ; ಎರಡನೆಯದರಲ್ಲಿ ‘ಮನುವಂ’ ಎಂದಿರುವುದನ್ನು ದಕಾರವಾಗಿ ತಿದ್ದಿ ಅದೇ ‘ಮಧು’ ಎನ್ನಲಾಗಿದೆ. ಒಂದೇ ಬರಹಗಾರ ಒಂದೇ ಶಬ್ದವನ್ನು ಒಮ್ಮೆ ತಲೆಕೆಳಗಾಗಿಯೂ ಇನ್ನೊಮ್ಮೆ ಅಕ್ಷರ ತಪ್ಪಿಯೂ ಬರೆದನೆಂದರೆ, ಅವನ ಬರಹದಲ್ಲಿ ಯಾವ ಶಬ್ದವನ್ನಾದರೂ ಕಾಣಬಹುದು.

ಮೂರನೆಯದು ಅರ್ಥದ ದೋಷ. ‘ಪಾನ’ವೆಂದರೆ ಕುಡಿಯುವಿಕೆ, ಅದನ್ನು ಬಟ್ಟಲೆಂದು ಮಾಡಲು ಎಳೆಯಬೇಕು. ‘ಕಟ್ಟಿ’ ಎಂಬುದನ್ನು ಮುಚ್ಚಿ ಎಂದು ಮಾಡಲು ಮತ್ತೂ ಎಳೆಯಬೇಕು. ಇಷ್ಟೆಲ್ಲ ಎಳೆದಮೇಲೂ ದೊರೆಯುವ ಶಬ್ದಗಳಲ್ಲಿ ಮುಖ್ಯವಾದ ಮೂರು—ಮಧು, ಪಾತ್ರ, ಪಾನ—ಸಂಸ್ಕೃತದವು. ಅವು ಭಾರತದ ಯಾವ ನುಡಿಯಲ್ಲಿದ್ದರೂ ಇರಬಹುದು. ಕನ್ನಡಕ್ಕೆ ಅವು ಸಾಕ್ಷಿಯಾಗಲಾರವು. ಕುಡಿತದ ಸಂದರ್ಭವೆಂದು ಮೊದಲೇ ಗೊತ್ತಿರುವುದರಿಂದ ಮದ್ಯವೂ ಬಟ್ಟಲೂ ಬಿಡಿಸುವವನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದವೆಂಬುದನ್ನೂ ಮರೆಯಬಾರದು.

ನಾಲ್ಕನೆಯದು, ಎಲ್ಲಕ್ಕೂ ಮಿಗಿಲಾದುದು, ಪ್ರಹಸನವೇ ಕೊಡುವ ಅರ್ಥವನ್ನು ಬದಿಗಿಟ್ಟ ದೋಷ. ಗ್ರೀಕರಲ್ಲಿ ಒಬ್ಬನಿಗೆ ಆ ಪರದೇಶದ ಮಾತು ತಿಳಿಯುತ್ತದೆ. ‘ಏನೆನ್ನುತ್ತಾರೆ’ ಎಂದು ವಿದೂಷಕ ಕೇಳಿದಾಗ ಅವನು ಗ್ರೀಕಿನಲ್ಲಿ ತಾತ್ಪರ್ಯ ಹೇಳುತ್ತಾನೆ. ‘ಬ್ರಥಿಸ್’ ಎಂಬ ಮಾತಿನ ಬಳಿಕ, ಪಾಲುಗಳಿಗಾಗಿ ಚೀಟಿ ಎತ್ತೋಣವೆನ್ನುತ್ತಿದ್ದಾರೆ ಎಂದೂ, ‘ಜೋಪಿತ್’ ಎಂಬುದರ ಬಳಿಕ, ಬೇಗ ಕುಡಿಯಲು ಕೊಡು ಎನ್ನುತ್ತಿದ್ದಾರೆ ಎಂದೂ ಅವನ ವಿವರಣೆ. ಬೀಗದ ಪಕ್ಕದಲ್ಲೇ ಕೀಲಿಕೈ ತೂಗುಹಾಕಿದಂತಿರುವ ಈ ಸ್ಥಳಗಳಿಂದಲೇ ಕೆಲಸ ಮೊದಲಾಗಬೇಕಾಗಿತ್ತು. ಇವೆರಡಕ್ಕೆ ಎಳೆದಾಟವಿಲ್ಲದೆ ಹೊಂದುವ, ಎಲ್ಲರೂ ಒಪ್ಪುವ ಕನ್ನಡ ಇದುವರೆಗೆ ದೊರೆತಿಲ್ಲ. ಅರ್ಥ ಕೊಟ್ಟಿರುವ ಕಡೆ ಕನ್ನಡ ಸಿಕ್ಕದೆ, ಅರ್ಥ ಕೊಡದ ಕಡೆ ಮಾತ್ರ ಸಿಕ್ಕುವುದು ಶಂಕೆಗೆ ಎಡೆಗೊಡುವ ಸಂಗತಿ.

೫

ಅಕ್ಷರಗಳ ಸಾಮ್ಯವೊಂದನ್ನೇ ನಂಬಿದರೆ ಎಂಥ ಅಪಾಯವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಧಾರವಾಡ ಜಿಲ್ಲೆಯ ಪಡುವಣ ಅಂಚಿನಲ್ಲಿ, ದಾಂಡೇಲಿಯ ಕಡೆಗೆ ರೈಲುದಾರಿ ಕವಲೊಡೆಯುವ ಅಳ್ನಾವರವೇ ಸಾಕು. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಏಳು ಅಕ್ಷರಗಳಾಗುತ್ತವೆ. ಆ ಬರಹದಲ್ಲಿ ಳಕಾರವಿಲ್ಲ, ಲಕಾರ ಮಾತ್ರ, ಎರಡನೆಯ ಅಕ್ಷರದ ದೀರ್ಘವಿಲ್ಲ, ಕೊನೆಯ ಅಕಾರವಿಲ್ಲ. ಕನ್ನಡ ಫಲಕ ಅಳಿದು ಆ ಏಳು ಅಕ್ಷರಗಳಷ್ಟೇ ಸಾವಿರದ ಎಂಟುನೂರು ವರ್ಷಗಳ ಮೇಲೆ ಒಬ್ಬ ಪಂಡಿತನ ಕೈಗೆ ಸಿಕ್ಕುವುವೆಂದು ಭಾವಿಸಬಹುದು. ನಿಘಂಟನ್ನು ಮುಂದಿಟ್ಟುಕೊಂಡು ಅವನು ‘ಅಲ್ಲಿನವರ’ ಎಂದು ಓದಬಹುದು. ‘ಆಳಿನವರ’ ಎಂದು ಓದಬಹುದು. ಜಾಣನಾದರೆ ‘ಹಳ್ಳಿನವರ’ ಎಂದೂ ಹಕಾರವೊಂದು ಬಿದ್ದುಹೋಗಿದೆಯೆಂದೂ ಸಾಧಿಸಬಹುದು. ಮೊದಲಿನ ಎರಡೂ ಶುದ್ಧ ಕನ್ನಡ, ಎರಡಕ್ಕೂ ಅರ್ಥವುಂಟು, ಎರಡೂ ತಪ್ಪು. ಇದು ಪರಿಚಿತ ನುಡಿಯ ಪರಿಚಿತ ಊರಿನ ಗತಿ. ಪದಗಳ ನಡುವೆ ಎಡೆ ಬಿಡದೆ ಬರೆದ, ತನಗೆ ತಿಳಿಯದ ಸದ್ದುಗಳನ್ನು ನಕಲು ಮಾಡಿದ ಈಜಿಪ್ಟಿನ ಲಿಪಿಕಾರನ ಬರಹದ ಗತಿ ಹೇಗಿರಬೇಡ!

ಪದವನ್ನು ಎಲ್ಲಿ ಬೇಕಾದರೂ ಒಡೆಯುವ ಸ್ವಾತಂತ್ರ್ಯ, ಸ್ವರವನ್ನು ಬದಲಾಯಿಸುವ ಸ್ವಾತಂತ್ರ್ಯ, ವ್ಯಂಜನವನ್ನು ಹಿಂದುಮುಂದು ಮಾಡುವ ಸ್ವಾತಂತ್ರ್ಯ, ಯಾವ ಶತಮಾನದ ರೂಪವನ್ನಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯ—ಇವು ನಾಲ್ಕೂ ಕೂಡಿದರೆ ಸಿಕ್ಕದ ನುಡಿಯಿಲ್ಲ. ಅದೇ ಅಕ್ಷರಗಳಿಂದ ತುಳುವನ್ನೂ ತೆಗೆಯಲು ಸಾಧ್ಯವಾಯಿತೆಂಬುದು ತುಳುವಿನ ಪಕ್ಷಕ್ಕೆ ಬಲವಲ್ಲ. ವಿಧಾನದ ಸಡಿಲಿಕೆಗೆ ಸಾಕ್ಷಿ.

೬

ಹಾಗಾದರೆ ಗ್ರೀಕ್ ರೋಮನ್ ನಾಟಕಗಳಲ್ಲಿ ಪರಭಾಷೆಯ ನಿಜವಾದ ಮಾತು ಎಂದೂ ಬರಲಿಲ್ಲವೇ? ಬಂದಿದೆ. ಪ್ಲಾಟಸ್ ಎಂಬ ಲ್ಯಾಟಿನ್ ನಾಟಕಕಾರನ ‘ಪೊಯನುಲುಸ್’ ಎಂಬ ಪ್ರಹಸನದಲ್ಲಿ ಹನ್ನೋ ಎಂಬ ಕಾರ್ಥೇಜಿನವನು ತನ್ನ ಪ್ಯೂನಿಕ್ ಭಾಷೆಯಲ್ಲೇ ಮಾತಾಡುತ್ತಾನೆ. ಅದು ನಿಜವಾದ ಪ್ಯೂನಿಕ್ ಎಂದು ವಿದ್ವಾಂಸರು ಒಪ್ಪುತ್ತಾರೆ. ಒಪ್ಪುವುದಕ್ಕೆ ಕಾರಣಗಳಿವೆ: ಆ ಮಾತಿನ ತಾತ್ಪರ್ಯ ನಾಟಕದಲ್ಲೇ ಲ್ಯಾಟಿನ್ನಿನಲ್ಲಿ ಬಂದಿದೆ, ಪ್ಯೂನಿಕ್ ಶಾಸನಗಳು ಬೇರೆ ದೊರೆತಿವೆ, ಆ ಶಾಸನಗಳ ವ್ಯಾಕರಣಕ್ಕೂ ಹನ್ನೋನ ಮಾತಿಗೂ ಹೊಂದಿಕೆಯಿದೆ. ಪ್ರಮಾಣವೆಂದರೆ ಹೀಗಿರಬೇಕು. ಖಾರಿತಿಯೊನ್ ಪ್ರಹಸನದಲ್ಲಿ ಈ ಮೂರರಲ್ಲಿ ಮೊದಲನೆಯದು ಎರಡು ಕಡೆ ಮಾತ್ರ ಇದ್ದು ಅಲ್ಲಿ ಕನ್ನಡ ಹೊಂದಲಿಲ್ಲ. ಎರಡನೆಯದಿಲ್ಲ, ಏಕೆಂದರೆ ಬನವಾಸಿ ಮಳವಳ್ಳಿಗಳಲ್ಲಿರುವ ಶಾತಕರ್ಣಿಗಳ ಕಾಲದ ಬರಹಗಳೆಲ್ಲ ಪ್ರಾಕೃತ. ಮೂರನೆಯದು ಹಲ್ಮಿಡಿಯ ಮುಂದೆ ನಿಲ್ಲಲಿಲ್ಲ.

ಇನ್ನೊಂದು ಕಡೆ ಅರಿಸ್ಟೋಫನೀಸನ ದಾರಿಯಿದೆ. ಕ್ರಿ. ಪೂ. ೪೨೫ರ ‘ಅಖಾರ್ನಿಯರು’ ನಾಟಕದಲ್ಲಿ ಪಾರಸಿಕ ರಾಯಭಾರಿ ಆಡುವ ಮಾತು ಪಾರಸಿಕವೋ ಬರಿಯ ಗಲಿಬಿಲಿಯೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ; ‘ಪಕ್ಷಿಗಳು’ ನಾಟಕದ ಪರದೇಶದ ದೇವತೆಯ ತೊದಲು ನಗೆಗಾಗಿಯೇ ಇರುವುದು. ಪ್ರಕೃತ ಪ್ರಹಸನದ ವಿದೂಷಕನೂ ಅರಸನ ಕಡೆಯವರು ಆಡಿದ ಸದ್ದನ್ನು ಹಿಡಿದು ಅದರಿಂದ ಗ್ರೀಕ್ ಶ್ಲೇಷೆಯನ್ನು ಮಾಡುತ್ತಾನೆ. ಶ್ಲೇಷೆಗೆ ಒದಗುವಂತೆ ಸದ್ದನ್ನು ಕಟ್ಟುವ ಆಟಗಾರನಿಗೆ ಯಾವ ನಾಡಿನ ವ್ಯಾಕರಣವೂ ಬೇಕಾಗಿಲ್ಲ. ಹಳ್ಳಿಯ ಆಟಗಳಲ್ಲಿ ಹಾಸ್ಯಗಾರ ಬಾರದ ಇಂಗ್ಲಿಷನ್ನೋ ಹಿಂದುಸ್ತಾನಿಯನ್ನೋ ಉದುರಿಸಿದಾಗ ಜನ ನಗುವುದು ಅರ್ಥಕ್ಕಲ್ಲ, ಧಾಟಿಗೆ. ಅಂಥ ಮಾತಿನ ನಡುವೆ ಒಂದೆರಡು ನಿಜ ಶಬ್ದಗಳು ಬಂದು ಸೇರುವುದೂ ಉಂಟು. ಪ್ರಹಸನದಲ್ಲಿಯೂ, ಮೆಣಸಿನ ಹಡಗಿನ ನಾವಿಕರು ಕೇಳಿ ತಂದ ಒಂದೆರಡು ದ್ರಾವಿಡ ಸದ್ದುಗಳು ಹೀಗೆ ಸೇರಿರಬಾರದೆಂದಿಲ್ಲ. ಆದರೆ ಸಾಧ್ಯತೆ ಬೇರೆ, ಸಿದ್ಧಿ ಬೇರೆ.

೭

ಹುಲ್ಟ್ಸರ ವಾದ ಬಿದ್ದರೆ ಕನ್ನಡ ನಾಡಿಗೂ ಯವನರಿಗೂ ಇದ್ದ ಸಂಬಂಧವೇ ಬಿದ್ದಂತೆ ಎಂದು ಕೆಲವರು ಹೆದರುವುದುಂಟು. ಈ ಹೆದರಿಕೆಗೆ ಆಧಾರವಿಲ್ಲ. ಎರಡನೆಯ ಶತಮಾನದ ಟಾಲೆಮಿಯ ಭೂಗೋಳ ಬನವಾಸಿಯನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ಬಾದಾಮಿ, ಮುದಗಲ್ಲು ಮೊದಲಾದವನ್ನು ಅವನ ಪಟ್ಟಿಯಲ್ಲಿ ವಿದ್ವಾಂಸರು ಗುರುತಿಸಿದ್ದಾರೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಹಾನಗಲ್ಲಿನ ಹತ್ತಿರದ ಅಕ್ಕಿಆಲೂರಿನಲ್ಲಿ ಪೂರ್ವ ರೋಮ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ದೊರೆತಿವೆ. ಕೆಂಪು ಸಮುದ್ರದ ತೀರದ ಬೆರೆನಿಕೆ, ಕುಸೇರ್ ಅಲ್ ಕದೀಂ ಎಂಬ ರೇವುಗಳಲ್ಲಿ ತಮಿಳು-ಬ್ರಾಹ್ಮೀ ಲಿಪಿಯ ಮಡಕೆಚೂರುಗಳು ಸಿಕ್ಕಿವೆ. ದಕ್ಷಿಣದವರು ಈಜಿಪ್ಟಿನವರೆಗೆ ಹೋಗಿದ್ದರೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಡ. ಟಾಲೆಮಿಯ ‘ಬನೌಆಸೆಯ್’ ಎಂಬ ಒಂದೇ ಹೆಸರು ಪಪೈರಸ್ಸಿನ ಎರಡು ವಾಕ್ಯಗಳಿಗಿಂತ ಹೆಚ್ಚು ಭಾರವಾದುದು; ಅದನ್ನು ಓದಲು ಒಂದಕ್ಷರವನ್ನೂ ಹಿಂದುಮುಂದು ಮಾಡಬೇಕಾಗಿಲ್ಲ.

೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಕನ್ನಡದ ಹಿರಿಮೆಗೆ ಹಲ್ಮಿಡಿಯ ಕಲ್ಲೂ ಕವಿರಾಜಮಾರ್ಗವೂ ಪಂಪನೂ ಸಾಕು. ಕುಡಿದು ಕುಣಿಯುವ ಪರದೇಶದ ಅರಸನ, ಯವನರು ನಗಲೆಂದು ಕಟ್ಟಿದ ಮಾತನ್ನು ತಾಯ್ನುಡಿಯ ಮೊದಲ ತೊದಲೆಂದು ತಲೆಯ ಮೇಲೆ ಹೊತ್ತುಕೊಳ್ಳುವುದರಲ್ಲಿ ಹೆಚ್ಚಿನ ಗೌರವವೂ ಇಲ್ಲ.

ಆದುದರಿಂದ ಸಾಹಿತ್ಯಚರಿತ್ರೆಯನ್ನು ಪಾಠ ಹೇಳುವ ಉಪಾಧ್ಯಾಯರು ಈ ಪ್ರಹಸನವನ್ನು ಬಿಡಬೇಕಾಗಿಲ್ಲ. ಹೇಳುವ ರೀತಿಯನ್ನು ಬದಲಾಯಿಸಿದರೆ ಸಾಕು. ‘ಇದರಲ್ಲಿ ಕನ್ನಡವಿದೆ’ ಎನ್ನುವ ಬದಲು ‘ಇದರಲ್ಲಿ ಕನ್ನಡವಿದೆಯೆಂದು ೧೯೦೪ರಲ್ಲಿ ಒಬ್ಬ ದೊಡ್ಡ ವಿದ್ವಾಂಸರು ಸೂಚಿಸಿದರು; ೧೯೨೬ರಲ್ಲಿ ಇನ್ನೊಬ್ಬ ದೊಡ್ಡ ವಿದ್ವಾಂಸರು ಒಪ್ಪಲಿಲ್ಲ; ೧೯೩೬ರಲ್ಲಿ ಸಿಕ್ಕ ಕಲ್ಲು ಒಪ್ಪದವರ ಕಡೆಗೆ ವಾಲಿತು’ ಎನ್ನಬೇಕು. ಹೀಗೆ ಹೇಳಿದರೆ ವಿದ್ಯಾರ್ಥಿ ಒಂದು ಸಂಗತಿಯ ಜೊತೆಗೆ, ಸಂಗತಿಯನ್ನು ತೂಗಿ ನೋಡುವ ಬಗೆಯನ್ನೂ ಕಲಿಯುತ್ತಾನೆ. ‘ಬ್ರಥಿಸ್’ ‘ಜೋಪಿತ್’ ಎಂಬ ಆ ಎರಡು ಮಾತುಗಳಿಗೆ, ಹಲ್ಮಿಡಿಗಿಂತ ಹಳೆಯದಾದ ವ್ಯಾಕರಣಕ್ಕೆ ಒಪ್ಪುವಂತೆ, ಪ್ರಹಸನವೇ ಹೇಳಿದ ಅರ್ಥ ಬರುವಂತೆ, ಯಾರಾದರೂ ಕನ್ನಡವನ್ನು ತೋರಿಸಿಕೊಟ್ಟ ದಿನ ಈ ತೀರ್ಪನ್ನು ಮರಳಿ ಬರೆಯಬಹುದು. ಅಲ್ಲಿಯವರೆಗೆ ಪಪೈರಸ್ಸಿನ ೪೧೩ನೆಯ ಸಂಖ್ಯೆಯನ್ನು ಕನ್ನಡದ ಸಾಕ್ಷ್ಯಗಳ ಪಟ್ಟಿಯಿಂದ ತೆಗೆದು, ಪರಿಹಾರವಾಗದ ಪ್ರಶ್ನೆಗಳ ಪಟ್ಟಿಯಲ್ಲಿ ಇಡುವುದೇ ಯುಕ್ತ.